ಚಳ್ಳಕೆರೆಗಿಂತ ಕಡಿಮೆ ಮಳೆ, ಆದರೂ ಕೆಸರು: ಅಬಿಸ್ಕೊದಲ್ಲಿ ಆರು ದಿನ

ಮೊದಲ ದಿನ

ಮಳೆ ಲೆಕ್ಕ ಹಾಕುವುದು ನಮ್ಮೂರ ಕಡೆಯವರ ಚಾಳಿ. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಯಾವ ಊರಿನ ಹೆಸರು ಕೇಳಿದರೂ ಮೊದಲು ಬಾಯಿಗೆ ಬರುವ ಪ್ರಶ್ನೆ ಒಂದೇ: ಅಲ್ಲಿ ಮಳೆ ಹೆಂಗೆ? ಸ್ವೀಡನ್ನಿನ ಉತ್ತರ ತುದಿಯ ಅಬಿಸ್ಕೊಗೆ ಹೋಗೋಣ ಅಂತ ಹೆಂಡತಿ ಹೇಳಿದಾಗಲೂ ನಾನು ಮೊದಲು ಹುಡುಕಿದ್ದು ಅದನ್ನೇ. ವರ್ಷಕ್ಕೆ ಸುಮಾರು 300 ಮಿಲಿಮೀಟರ್. ಬರದ ನಾಡು ಅಂತ ಹೆಸರಾದ ನಮ್ಮೂರಿಗೇ ಅದಕ್ಕಿಂತ ಜಾಸ್ತಿ ಬೀಳುತ್ತದೆ! ಆದರೆ ಫೋಟೋ ನೋಡಿದರೆ ಎಲ್ಲೆಲ್ಲೂ ನೀರು. ಕೆರೆ, ಹಳ್ಳ, ಜೌಗು. ನಡೆಯುವ ದಾರಿಗೆ ಉದ್ದಕ್ಕೂ ಮರದ ಹಲಗೆ ಹಾಕಿದ್ದಾರೆ, ಕಾಲು ಹೂತುಹೋಗದಿರಲಿ ಅಂತ.

ಇದು ಹೇಗೆ ಸಾಧ್ಯ ಅನ್ನುವುದೇ ತಲೆಯಲ್ಲಿ ಕೂತುಬಿಟ್ಟಿತು.

ನನ್ನವಳು ತೀರ್ಥಹಳ್ಳಿ ಕಡೆಯವಳು. ಮಳೆಯ ಲೆಕ್ಕ ಅವಳಿಗೆ ಗೊತ್ತಿಲ್ಲ, ಮಳೆ ಗೊತ್ತು. "ಅಲ್ಲಿ ಹೋಗಿ ನೋಡಿದರಾಯ್ತು, ಸುಮ್ನೆ ಬನ್ನಿ" ಅಂದಳು. 2025ರ ಸೆಪ್ಟೆಂಬರಿನ ಒಂದು ಸಂಜೆ ಸ್ಟಾಕ್‌ಹೋಮಿನಲ್ಲಿ ರಾತ್ರಿ ರೈಲು ಹತ್ತಿದೆವು. ಬ್ಯಾಗಿನಲ್ಲಿ ಪುಳಿಯೋಗರೆ ಗೊಜ್ಜು, ಚಪಾತಿ, ಮತ್ತೆ ಅಮ್ಮ ಕಟ್ಟಿ ಕಳಿಸಿದ್ದ ಕರಿ ಕಂಬಳಿ. ಚಳ್ಳಕೆರೆ ಕಂಬಳಿಗೆ ನಮ್ಮ ಕಡೆ ಹೆಸರಿದೆ. ಸ್ವೀಡನ್ನಿಗೆ ಬಂದ ಮೇಲೆ ಅದು ಕಪಾಟಿನಲ್ಲೇ ಮಲಗಿತ್ತು.

ಎರಡನೇ ದಿನ

ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಪೈನ್, ಸ್ಪ್ರೂಸ್ ಮರ. ಒಂದು ಗಂಟೆ ಬಿಟ್ಟು ನೋಡಿದರೂ ಪೈನ್, ಸ್ಪ್ರೂಸ್. ನಡುವೆ ಒಂದೊಂದು ಕೆರೆ, ಒಂದೊಂದು ಕೆಂಪು ಮನೆ. ಬೂಡೆನ್ ಸ್ಟೇಷನ್ನಿನಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. ಅಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ, ಸಮುದ್ರದ ದಂಡೆಯಲ್ಲಿ ಲುಲಿಯೋ ಅಂತ ಊರಿದೆ. ಈ ಊರನ್ನು 1649ರಲ್ಲಿ ಎತ್ತಿ ಬೇರೆ ಕಡೆ ಇಟ್ಟರು. ಯಾಕೆಂದರೆ ಹಳೆಯ ಊರಿನ ಬಂದರಿನಲ್ಲಿ ನೀರು ಕಡಿಮೆ ಆಗುತ್ತಾ ಹೋಗಿ ಹಡಗು ಬರುವುದೇ ಕಷ್ಟವಾಯಿತು. ಸಮುದ್ರ ಇಳಿದಿದ್ದಲ್ಲ, ನೆಲವೇ ಮೇಲೆದ್ದಿದ್ದು. ಹಿಮಯುಗದಲ್ಲಿ ಇಲ್ಲಿ ಎರಡು-ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು. ಅದರ ಭಾರಕ್ಕೆ ಒತ್ತಿಹೋಗಿದ್ದ ನೆಲ ಮಂಜು ಕರಗಿ ಹತ್ತು ಸಾವಿರ ವರ್ಷವಾದರೂ ಇನ್ನೂ ಏಳುತ್ತಲೇ ಇದೆ, ಈ ದಂಡೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹತ್ತಿಯ ಹಾಸಿಗೆಯಿಂದ ದಪ್ಪ ಮನುಷ್ಯ ಎದ್ದುಹೋದ ಮೇಲೆ ಗುಳಿ ನಿಧಾನವಾಗಿ ತುಂಬಿಕೊಳ್ಳುತ್ತದಲ್ಲ, ಹಾಗೆ.

ಉತ್ತರ ಧ್ರುವವೃತ್ತ ದಾಟಿದ್ದು ಚಹಾ ಕುಡಿಯುವಾಗ. ಕಿಟಕಿಯಾಚೆ ಒಂದು ಬೋರ್ಡು ಹಿಂದೆ ಓಡಿತು, ಅಷ್ಟೇ.

ಯಾಲ್ಲಿವಾರೆ ದಾಟಿದ ಮೇಲೆ ರೈಲು ಕಾಡಿನ ಮಧ್ಯೆ ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿದೆಯಂತೆ. ಎರಡೂವರೆ ಗಂಟೆ. ಕ್ಯಾಂಟೀನಿನಲ್ಲಿ ಕಾಫಿ ಮುಗಿದಿತ್ತು. ಎದುರು ಸೀಟಿನಲ್ಲಿದ್ದ ಸಾಮಿ ಹೆಂಗಸು ತನ್ನ ಫ್ಲಾಸ್ಕಿನಿಂದ ನಮಗೂ ಕಾಫಿ ಬಗ್ಗಿಸಿ ಕೊಟ್ಟರು. ಸಾಮಿ ಜನ ಈ ಉತ್ತರದ ಮೂಲನಿವಾಸಿಗಳು. ಅವರ ತಮ್ಮನ ಮನೆಯಲ್ಲಿ ಹಿಮಸಾರಂಗ ಸಾಕಿದ್ದಾರಂತೆ. ಚಳಿ ಜಾಸ್ತಿಯಾದರೆ ಪ್ರಾಣಿಗಳಿಗೆ ಕಷ್ಟ ಅಲ್ವಾ ಅಂತ ಕೇಳಿದೆ. ಅವರು ನಕ್ಕರು. ಚಳಿ ಒಳ್ಳೆಯದು, ಜನವರಿಯಲ್ಲಿ ಮಳೆ ಬಂದರೆ ಕಷ್ಟ ಅಂದರು. ಸಾರಂಗ ಗೊರಸಿನಿಂದ ಹಿಮ ಕೆದರಿ ಅಡಿಯಲ್ಲಿರುವ ಕಲ್ಲುಹೂ ತಿನ್ನುತ್ತದೆ. ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಗಾಜಿನ ಹಾಗೆ ಗಟ್ಟಿ ಪದರ ಆಗುತ್ತದೆ. ಮೇವು ಕಾಲಡಿಯಲ್ಲೇ ಇದ್ದರೂ ಬಾಯಿಗೆ ಸಿಗುವುದಿಲ್ಲ. ಆಗ ಮೇವು ಕೊಂಡು ಹಾಕಬೇಕು. ನಮ್ಮಲ್ಲಿ ಮಳೆ ಬಾರದಿದ್ದರೆ ಗೋಶಾಲೆ, ಇಲ್ಲಿ ಮಳೆ ಬಂದರೆ!

ಕಿರುನಾದಲ್ಲಿ ಅವರು ಇಳಿದರು. ಕಬ್ಬಿಣದ ಗಣಿಗಾಗಿ ಇಡೀ ಪೇಟೆಯನ್ನೇ ಪೂರ್ವಕ್ಕೆ ಸರಿಸುತ್ತಿರುವ ಊರು ಇದು. ನಾವು ಹೋಗುವ ಮುಂಚಿನ ತಿಂಗಳಷ್ಟೇ 672 ಟನ್ ತೂಕದ ಮರದ ಚರ್ಚನ್ನು ಬಿಚ್ಚದೆ, ಚಕ್ರಗಳ ಮೇಲೆ ಇಟ್ಟು, ಎರಡು ದಿನದಲ್ಲಿ ಐದು ಕಿಲೋಮೀಟರ್ ಸಾಗಿಸಿದ್ದರು. ಬಂದರು ಬತ್ತಿದರೂ, ಗಣಿ ಬಾಯಿ ತೆರೆದರೂ ಇವರದು ಒಂದೇ ಮದ್ದು, ಊರೇ ಎತ್ತಿಡುವುದು.

ಕಿರುನಾ ದಾಟುತ್ತಿದ್ದ ಹಾಗೆ ಪೈನ್, ಸ್ಪ್ರೂಸ್ ತೆಳುವಾಗಿ, ಆಮೇಲೆ ನಿಂತೇ ಹೋಯಿತು. ಉಳಿದದ್ದು ಬರ್ಚ್ ಮರ ಮಾತ್ರ. ಎತ್ತರ ಎರಡಾಳು, ಕೊಂಬೆಯೆಲ್ಲ ಸೊಟ್ಟ, ಎಲೆ ಪೂರ್ತಿ ಅರಿಶಿನ. ಸೈಬೀರಿಯಾ, ಕೆನಡಾದಲ್ಲೆಲ್ಲ ಕಾಡು ಮುಗಿಯುವುದು ಹೆಚ್ಚಾಗಿ ಸೂಜಿ ಎಲೆಯ ಮರಗಳಿಂದ. ಸ್ಕ್ಯಾಂಡಿನೇವಿಯಾದ ಬೆಟ್ಟಗಳಲ್ಲಿ ಮಾತ್ರ ಬರ್ಚ್ ಆ ಕೊನೆಯ ಸಾಲಿನಲ್ಲಿ ನಿಂತಿರುತ್ತದೆ. ಅಟ್ಲಾಂಟಿಕ್ ಹತ್ತಿರ ಇರುವುದೇ ಕಾರಣ. ಬಲಕ್ಕೆ ಟೋರ್ನೆಟ್ರೆಸ್ಕ್ ಸರೋವರ ಶುರುವಾಯಿತು. ಎಪ್ಪತ್ತು ಕಿಲೋಮೀಟರ್ ಉದ್ದ, 168 ಮೀಟರ್ ಆಳ. ರೈಲು ಅದರ ದಂಡೆ ಹಿಡಿದು ಹೋಗುತ್ತಲೇ ಇತ್ತು. ಅಬಿಸ್ಕೊದಲ್ಲಿ ಇಳಿದಾಗ ಆಕಾಶದಲ್ಲಿ ಒಂದು ಚೂರೂ ಮೋಡ ಇರಲಿಲ್ಲ.

ಮೂರನೇ ದಿನ

ಅಬಿಸ್ಕೊ ರಾಷ್ಟ್ರೀಯ ಉದ್ಯಾನ ಆಗಿದ್ದು 1909ರಲ್ಲಿ. ಯುರೋಪಿನ ಮೊದಲ ರಾಷ್ಟ್ರೀಯ ಉದ್ಯಾನಗಳನ್ನು ಸ್ವೀಡನ್ ಆ ವರ್ಷವೇ ಮಾಡಿತು, ಅವುಗಳಲ್ಲಿ ಇದೂ ಒಂದು. ಕುಂಗ್ಸ್‌ಲೇಡೆನ್ ಅನ್ನುವ 400 ಕಿಲೋಮೀಟರಿಗೂ ಉದ್ದದ ಚಾರಣದ ದಾರಿ ಇಲ್ಲಿಂದಲೇ ಶುರು. ನಾವು ನಡೆದದ್ದು ಅದರಲ್ಲಿ ಏಳು ಕಿಲೋಮೀಟರ್, ಮತ್ತೆ ವಾಪಸ್ ಏಳು.

ನದಿ ಕಂದರದ ಪಕ್ಕದಲ್ಲೇ ದಾರಿ. ಬಂಡೆ ಪುಟ ಪುಟವಾಗಿ ಸೀಳಿದೆ, ನೀರು ತಿಳಿ ಹಸಿರು. ನೆಲದಲ್ಲಿ ಮೊಣಕಾಲೆತ್ತರ ಬಾರದ ಕುಬ್ಜ ಬರ್ಚ್ ಕೆಂಪಗೆ ಉರಿಯುತ್ತಿತ್ತು. ಅದರ ಎಲೆ ಕೈಯಲ್ಲಿಟ್ಟು ನೋಡಿದೆ: ಹತ್ತು ಪೈಸೆ ನಾಣ್ಯದಷ್ಟು, ಅಂಚು ಕೂಡ ಹಾಗೇ ಅಲೆ ಅಲೆ. ಇದೂ ಮರವೇ, ನೆಲಕ್ಕೆ ಅಂಟಿಕೊಂಡು ಬದುಕುವ ಮರ. ಚಳಿಗಾಲದಲ್ಲಿ ಹಿಮದ ಕೆಳಗೆ ಪೂರ್ತಿ ಮುಚ್ಚಿಹೋದರೆ ಗಾಳಿಯಿಂದ ಬಚಾವ್. ಲಿಂಗೊನ್ ಹಣ್ಣು ಕಿತ್ತು ಬಾಯಿಗೆ ಹಾಕಿದ ನನ್ನವಳು "ಕೋಕಂ ತರ ಇದೆ, ಉಪ್ಪು ಖಾರ ಹಾಕಿದರೆ ಗೊಜ್ಜು ಮಾಡಬಹುದು" ಅಂದಳು. ಮಾಡಿದಳು ಕೂಡ. ಪರವಾಗಿಲ್ಲ, ಚೆನ್ನಾಗಿತ್ತು.

ಒಂದು ವಿಷಯ ಗಮನಿಸಿದೆ. ಇಲ್ಲಿನ ಬರ್ಚ್‌ಗಳಿಗೆ ಒಂದೇ ಕಾಂಡ ಇರುವುದು ಕಡಿಮೆ. ಬುಡದಿಂದ ನಾಲ್ಕೈದು ಕಾಂಡ ಕವಲೊಡೆದು ನಿಂತಿರುತ್ತವೆ. ನಡುವೆ ಒಂದು ಹಳೆಯ ದಪ್ಪ ಮೋಟು, ಸತ್ತದ್ದು. ಒಂದು ಕಾಂಡದ ಮೇಲೆ ಬೂದಿ ಬಣ್ಣದ ಪತಂಗ ರೆಕ್ಕೆ ಹರಡಿ ಕೂತಿತ್ತು. ತೊಗಟೆಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗದಷ್ಟು ಒಂದೇ ಬಣ್ಣ, ಕೈ ಹತ್ತಿರ ಹೋದಾಗಷ್ಟೇ ಹಾರಿತು. ಈ ಪತಂಗ ಶರತ್ಕಾಲದಲ್ಲಿ ಹಾರಾಡಿ, ಬರ್ಚ್ ಮೇಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ಚಳಿಗಾಲ ಕಳೆದು, ಎಲೆ ಚಿಗುರುವ ಹೊತ್ತಿಗೆ ಸರಿಯಾಗಿ ಮರಿಹುಳು ಆಗುತ್ತದೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಇವುಗಳ ಸಂಖ್ಯೆ ಏರುತ್ತದೆ, ಕೆಲವು ಸಲ ಮಿತಿಮೀರುತ್ತದೆ. 1954-55ರಲ್ಲಿ ಈ ಕಣಿವೆಯ ಕಾಡನ್ನೇ ಬೋಳು ಮಾಡಿದ್ದವು. ಹಳೆಯ ಕಾಂಡ ಸತ್ತರೂ ಬೇರು ಸಾಯಲಿಲ್ಲ. ಬುಡದಿಂದ ಹೊಸ ಚಿಗುರು ಬಂತು. ಈಗ ನಾವು ನೋಡುತ್ತಿರುವ ಕವಲುಗಳಲ್ಲಿ ಎಷ್ಟೋ ಆ ಚಿಗುರುಗಳೇ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಚಳಿಯ ಪಾತ್ರ. ಈ ಮೊಟ್ಟೆಗಳು ಮೈನಸ್ 35-36 ಡಿಗ್ರಿವರೆಗೆ ತಡೆಯುತ್ತವೆ, ಅದಕ್ಕಿಂತ ಕೆಳಗೆ ಹೋದರೆ ಸಾಯುತ್ತವೆ. ಗಾಳಿ ಇಲ್ಲದ ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ಕಣಿವೆಯ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಹಾಗಾಗಿ ಹುಳು ಹಾವಳಿ ಎದ್ದಾಗ ಇಳಿಜಾರಿನ ಮರಗಳು ಬೋಳಾದರೂ ಎಷ್ಟೋ ಸಲ ತಳದ ಮರಗಳು ಹಸಿರಾಗಿ ಉಳಿಯುತ್ತವೆ. ಅಲ್ಲಿನ ಮೊಟ್ಟೆಗಳನ್ನು ಚಳಿ ಆಗಲೇ ಕೊಂದಿರುತ್ತದೆ. ಚಳಿಗಾಲ ಮೆತ್ತಗಾದರೆ ಈ ಕಾವಲು ತಪ್ಪುತ್ತದೆ.

ನಾಲ್ಕನೇ ದಿನ

ಈ ದಿನದ ಬಗ್ಗೆ ಜಾಸ್ತಿ ಬರೆಯಬೇಕು.

ಅಬಿಸ್ಕೊದಲ್ಲಿ ನೂರು ವರ್ಷ ದಾಟಿದ ಸಂಶೋಧನಾ ಕೇಂದ್ರ ಇದೆ. ಕಬ್ಬಿಣದ ಅದಿರು ಸಾಗಿಸಲು ರೈಲು ಬಂತು, ರೈಲಿನ ಹಿಂದೆ ವಿಜ್ಞಾನಿಗಳು ಬಂದರು. 1903ರಲ್ಲಿ ಪಶ್ಚಿಮಕ್ಕೆ, ಗಡಿಯ ಹತ್ತಿರ ಶುರುವಾದ ಕೇಂದ್ರ 1910ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಆಮೇಲೆ ಅಬಿಸ್ಕೊದಲ್ಲಿ ಕಟ್ಟಿದರು. 1913ರಿಂದ ಇಲ್ಲಿ ದಿನವೂ ಹವಾಮಾನ ಬರೆದಿಡುತ್ತಿದ್ದಾರೆ. ನಾವಿದ್ದ ಹಾಸ್ಟೆಲಿನಲ್ಲಿ ಅಡುಗೆಮನೆ ಹಂಚಿಕೊಂಡ ಸಂಶೋಧನಾ ವಿದ್ಯಾರ್ಥಿನಿ ಒಬ್ಬಳಿದ್ದಳು. ನಮ್ಮ ಪುಳಿಯೋಗರೆ ತಿಂದು, ನನ್ನ ಮಳೆ ಪ್ರಶ್ನೆ ಕೇಳಿ, "ನಾಳೆ ನನ್ನ ಜೊತೆ ಬನ್ನಿ" ಅಂದಿದ್ದಳು.

ಹತ್ತು ಕಿಲೋಮೀಟರ್ ಪೂರ್ವಕ್ಕೆ ಸ್ಟೂರ್‌ಡಾಲೆನ್. ದೂರದಿಂದ ನೋಡಿದರೆ ಬರೀ ಬಯಲು. ಹತ್ತಿರ ಹೋದರೆ ಬಯಲಿನ ತುಂಬ ಒಂದಾಳೆತ್ತರವೂ ಇಲ್ಲದ ದಿಬ್ಬಗಳು, ನಡುವೆ ಹುಲ್ಲು ಬೆಳೆದ ಹೊಂಡಗಳು. ದಿಬ್ಬ ಒಣ ಒಣ, ಹೊಂಡ ಒದ್ದೆ. ಈ ದಿಬ್ಬಗಳಿಗೆ ಪಾಲ್ಸಾ ಅನ್ನುತ್ತಾರೆ.

ಅವಳು ಹಲಗೆ ಮೇಲೆ ನಿಂತು ತೆಳುವಾದ ಉಕ್ಕಿನ ಕಂಬಿಯನ್ನು ದಿಬ್ಬದೊಳಗೆ ಒತ್ತಿದಳು. ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು. ಒಂದು ಗೇಣು, ಎರಡು ಗೇಣು, ಆಮೇಲೆ "ಟಕ್". ನನ್ನ ಕೈಗೆ ಕೊಟ್ಟಳು. ಎಷ್ಟು ಒತ್ತಿದರೂ ಇಲ್ಲ. ಕಲ್ಲಿಗೆ ತಗುಲಿದ ಹಾಗೆ ಕೈಗೆ ಕಂಪನ ಬಂತು. ಕಲ್ಲಲ್ಲ ಅದು, ಮಂಜುಗಡ್ಡೆ. ಬೇಸಿಗೆ ಮುಗಿದು ನೆಲ ಅತಿ ಹೆಚ್ಚು ಕರಗಿರುವ ಕಾಲ ಇದು. ಹಾಗಿದ್ದೂ ಅರ್ಧ ಮೀಟರ್ ಚಿಲ್ಲರೆ ಕೆಳಗೆ ನೆಲ ಹೆಪ್ಪುಗಟ್ಟಿಯೇ ಇದೆ.

ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಚಳ್ಳಕೆರೆಯಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲನ್ನು ನೆಲ ಕುಡಿಯುತ್ತದೆ, ದೊಡ್ಡ ಪಾಲು ಬಿಸಿಲಿಗೆ ಹೋಗುತ್ತದೆ. ಇಲ್ಲಿ ಕೆಳಗೆ ಮಂಜಿನ ತಟ್ಟೆ, ಮೇಲೆ ಬಲವಿಲ್ಲದ ಬಿಸಿಲು. ವರ್ಷದಲ್ಲಿ ಏಳೆಂಟು ತಿಂಗಳು ಬಿದ್ದದ್ದೆಲ್ಲ ಹಿಮವಾಗಿ ಕೂತಿರುತ್ತದೆ. ನೀರು ಎಲ್ಲಿಗೆ ಹೋಗಬೇಕು? 300 ಮಿಲಿಮೀಟರೇ ಸಾಕು, ಕೆಸರಾಗಲು.

ಆದರೆ ಇನ್ನೊಂದು ಒಗಟು ಹುಟ್ಟಿತು. ದಿಬ್ಬದಲ್ಲಿ ಮಂಜು ಇದೆ, ಮಾರು ದೂರದ ಹೊಂಡದಲ್ಲಿ ಕಂಬಿ ತಡೆಯಿಲ್ಲದೆ ಇಳಿಯುತ್ತದೆ. ಒಂದೇ ಊರು, ಒಂದೇ ಚಳಿ, ಯಾಕೆ ಹೀಗೆ?

ಹಿಮ ಅಂದರೆ ಕಂಬಳಿ ಅಂದುಕೊಳ್ಳಿ. ಕಂಬಳಿಗೆ ಸ್ವಂತ ಬಿಸಿ ಇಲ್ಲ, ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ ಅಷ್ಟೇ. ಚಳಿಗಾಲದಲ್ಲಿ ದಿಬ್ಬದ ಮೇಲಿನ ಹಿಮವನ್ನು ಗಾಳಿ ಗುಡಿಸಿಬಿಡುತ್ತದೆ. ಬರಿಮೈಯ ದಿಬ್ಬದೊಳಗೆ ಚಳಿ ಸಲೀಸಾಗಿ ಇಳಿಯುತ್ತದೆ. ಗುಡಿಸಿದ ಹಿಮ ಹೊಂಡದಲ್ಲಿ ತುಂಬಿಕೊಂಡು ಅದನ್ನು ಬೆಚ್ಚಗಿಡುತ್ತದೆ. ಬೇಸಿಗೆಯಲ್ಲಿ ದಿಬ್ಬದ ಮೇಲಿನ ಪೀಟ್, ಅಂದರೆ ಸಾವಿರಾರು ವರ್ಷದಿಂದ ಕೊಳೆಯದೆ ಪದರ ಪದರವಾಗಿ ಕೂತ ಪಾಚಿ, ಒಣಗಿ ಬೆಂಡಿನ ಹಾಗಾಗುತ್ತದೆ. ಆಗ ಅದೇ ಕಂಬಳಿ, ಬಿಸಿ ಒಳಗೆ ಹೋಗದ ಹಾಗೆ. ಅಬಿಸ್ಕೊದಲ್ಲಿ ಮಳೆ ಕಡಿಮೆ ಅಂದರೆ ಹಿಮವೂ ಕಡಿಮೆ. ಅದಕ್ಕೇ ಇಷ್ಟು ತಗ್ಗಿನಲ್ಲೂ ನೆಲದೊಳಗಿನ ಮಂಜು ಉಳಿದಿದೆ. ಹತ್ತಿರದ ಇನ್ನೊಂದು ಜೌಗಿನಲ್ಲಿ 2005ರಿಂದ ಬೇಲಿ ಹಾಕಿ, ಹಿಮ ಹೆಚ್ಚು ನಿಲ್ಲುವಂತೆ ಮಾಡಿ ನೋಡಿದ್ದಾರೆ. ಕೆಲವೇ ವರ್ಷದಲ್ಲಿ ಕೆಳಗಿನ ಮಂಜು ಬೇಗ ಬೇಗ ಕರಗಿತು. ಹಿಮ ಹೆಚ್ಚಾದರೆ ಮಂಜು ಕರಗುತ್ತದೆ! ಇದನ್ನು ನನ್ನವಳಿಗೆ ಕನ್ನಡದಲ್ಲಿ ಹೇಳಿದಾಗ "ಇನ್ನೊಂದು ಸಲ ಹೇಳಿ" ಅಂದಳು.

ಮಂಜು ಕರಗಿದ ದಿಬ್ಬ ಕುಸಿಯುತ್ತದೆ. ಅಂಚು ಬಿರುಕು ಬಿಟ್ಟು, ಕೇಕಿನ ತುಂಡಿನ ಹಾಗೆ ಹೊಂಡಕ್ಕೆ ವಾಲಿಕೊಂಡಿದ್ದ ಪೀಟ್ ಗಡ್ಡೆಗಳು ಕಣ್ಣೆದುರೇ ಇದ್ದವು. ಅಲ್ಲಿ ನೀರು ನಿಲ್ಲುತ್ತದೆ, ಹತ್ತಿಯಂಥ ತಲೆಯ ಹುಲ್ಲು ಬರುತ್ತದೆ, ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಹಳೆಯ ಪಾಚಿಯನ್ನು ಜೀರ್ಣಿಸಿ ಮೀಥೇನ್ ಅನಿಲ ಬಿಡುತ್ತವೆ. ಹುಲ್ಲಿನ ಟೊಳ್ಳು ಕಾಂಡವೇ ಅದಕ್ಕೆ ಚಿಮಣಿ. ಜೌಗಿನ ಮೇಲೆ ಅಲ್ಲಲ್ಲಿ ಪಾರದರ್ಶಕ ಪೆಟ್ಟಿಗೆಗಳನ್ನು ಕೂರಿಸಿದ್ದರು. ಯಾರೂ ಮುಟ್ಟದೆ ಅವುಗಳ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತೆರೆಯುತ್ತದೆ. ಒಳಗೆ ಕೂಡಿದ ಅನಿಲದ ಲೆಕ್ಕ ತೆಗೆಯುವ ಯಂತ್ರ. ಜನರಿಲ್ಲದ ಬಯಲಿನಲ್ಲಿ ಪೆಟ್ಟಿಗೆಗಳು ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಾ ನಿಂತವನು ಹಲಗೆಯ ತುದಿ ಮರೆತೆ. ಎಡಗಾಲು ಮೊಣಕಾಲವರೆಗೆ ಒಳಗೆ. ಬೂಟಿನಲ್ಲಿ ಮಂಜುನೀರು. ಎಳೆದುಕೊಂಡಾಗ ಬಂದ ಸದ್ದು, ನಾಟಿ ಗದ್ದೆಯ ಸದ್ದೇ. ನನ್ನವಳು ನಕ್ಕಿದ್ದು ದೂರದ ರಸ್ತೆಗೂ ಕೇಳಿಸಿರಬೇಕು.

ಅಬಿಸ್ಕೊದ ವಾರ್ಷಿಕ ಸರಾಸರಿ ಉಷ್ಣತೆ ಕಳೆದ ಶತಮಾನದ ಬಹುಪಾಲು ಸೊನ್ನೆಗಿಂತ ಸ್ವಲ್ಪ ಕೆಳಗಿತ್ತು. ಈಗ ಸೊನ್ನೆ ದಾಟಿದೆ. ಬೆಂಗಳೂರಿನಲ್ಲಿ 24 ಇದ್ದದ್ದು 25 ಆದರೆ ಫ್ಯಾನ್ ಒಂದು ಪಾಯಿಂಟ್ ಜಾಸ್ತಿ ಮಾಡುತ್ತೇವೆ. ಇಲ್ಲಿ ಮೈನಸ್ ಅರ್ಧ ಇದ್ದದ್ದು ಪ್ಲಸ್ ಅರ್ಧ ಆದರೆ ನೆಲವೇ ಕುಸಿಯುತ್ತದೆ.

ಐದನೇ ದಿನ

ನುವೋಲ್ಯಾ ಬೆಟ್ಟ ಹತ್ತಿದೆವು, 1169 ಮೀಟರ್. ಒದ್ದೆ ಬೂಟು ಇನ್ನೂ ಒಣಗಿರಲಿಲ್ಲ. ಬರ್ಚ್ ಕುಳ್ಳಾಗುತ್ತಾ ಹೋಗಿ ಒಂದು ಕಡೆ ನಿಂತಿತು. ಗೆರೆ ಎಳೆದ ಹಾಗೆ ಅಂತ ಪುಸ್ತಕದಲ್ಲಿ ಓದಿದ್ದೆ, ಹಾಗೇನಿಲ್ಲ. ಮರೆ ಸಿಕ್ಕ ಕಡೆ ನಾಲ್ಕು ಮರ ಮೇಲೆ ಹೋಗಿವೆ, ಗಾಳಿ ಹೊಡೆಯುವ ಕಡೆ ಕೆಳಗೇ ಸೋತಿವೆ. ಈ ಬೆಟ್ಟದ ಮೇಲೆ ಬುಡದಿಂದ ತುದಿವರೆಗೆ ಯಾವ ಗಿಡ ಯಾವಾಗ ಹೂ ಬಿಡುತ್ತದೆ ಅಂತ 1917ರ ಸುಮಾರಿನಲ್ಲಿ ಥೋರೆ ಫ್ರೀಸ್ ಎಂಬ ಸಸ್ಯಶಾಸ್ತ್ರಜ್ಞ ಬರೆದಿಟ್ಟಿದ್ದ. ನೂರು ವರ್ಷ ಬಿಟ್ಟು ಅದೇ ದಾರಿಯಲ್ಲಿ ಮತ್ತೆ ಲೆಕ್ಕ ಶುರು ಮಾಡಿದ್ದಾರೆ.

ಮೇಲೆ ಹಿಮಕೋಳಿಗಳ ಗುಂಪು ಕಂಡಿತು. ಕಂದು ಮೈ, ಹೊಟ್ಟೆ ರೆಕ್ಕೆ ಬೆಳ್ಳಗೆ, ಅರ್ಧ ಬಟ್ಟೆ ಬದಲಿಸಿದ ಹಾಗೆ. ದಕ್ಷಿಣಕ್ಕೆ ಲಾಪ್‌ಪೋರ್ಟೆನ್, ಎರಡು ಬೆಟ್ಟಗಳ ನಡುವೆ ಸೌಟಿನಿಂದ ತೋಡಿದಂಥ ಕಣಿವೆ. ಹಿಮನದಿ ಉಜ್ಜಿ ಮಾಡಿದ ಆಕಾರ. ನದಿ ಕೊರೆದಿದ್ದರೆ ತಳ ಚೂಪಾಗಿರುತ್ತಿತ್ತು.

ಆದರೆ ನಾನು ನೋಡುತ್ತಿದ್ದದ್ದು ಪಶ್ಚಿಮಕ್ಕೆ. ನಾರ್ವೆ ಕಡೆಯ ಬೆಟ್ಟಗಳ ಮೇಲೆ ಬೂದು ಮೋಡದ ಗೋಡೆ. ನಮ್ಮ ಕಡೆ ಬರುತ್ತಾ ಬರುತ್ತಾ ಅದರ ಅಂಚು ಹರಿದು, ಹತ್ತಿ ಎಳೆಯಾಗಿ, ಮಾಯ. ನಮ್ಮ ತಲೆಯ ಮೇಲೆ ನೀಲಿ. "ನೋಡು, ಅದು ನಿಮ್ಮೂರು, ಇದು ನಮ್ಮೂರು" ಅಂದೆ. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರ್ ಸುರಿದು, ಅದೇ ಗಾಳಿ ಚಳ್ಳಕೆರೆಗೆ ಬರುವಾಗ ಬರಿಗೈ. ಇಲ್ಲೂ ಅದೇ ಕಥೆ. 35 ಕಿಲೋಮೀಟರ್ ಪಶ್ಚಿಮದ ರಿಕ್ಸ್‌ಗ್ರಾನ್ಸೆನ್‌ನಲ್ಲಿ ಅಬಿಸ್ಕೊದ ಮೂರು ಪಟ್ಟಿನಷ್ಟು ಬೀಳುತ್ತದೆ.

ರಾತ್ರಿ ಉತ್ತರದ ಬೆಳಕು, ಅಂದರೆ ಅರೋರಾ, ಕಂಡಿತು. ಸರೋವರದ ಮೇಲೆ ಹಸಿರು ಸೆರಗು, ಇಪ್ಪತ್ತು ನಿಮಿಷ. ಎಲ್ಲರೂ ಬರೆದಿರುವುದರಿಂದ ನಾನು ಮತ್ತೆ ಬರೆಯುವುದಿಲ್ಲ. ಜನ ಅದನ್ನು ನೋಡಲು ಇದೇ ಊರಿಗೆ ಯಾಕೆ ಬರುತ್ತಾರೆ ಅನ್ನುವುದು ಮಾತ್ರ ಬೆಳಿಗ್ಗೆ ಬೆಟ್ಟದ ಮೇಲೆಯೇ ಗೊತ್ತಾಗಿತ್ತು. ಮಳೆ ನೆರಳಿನ ಊರಿಗೆ ಮೋಡ ಕಡಿಮೆ.

ಆರನೇ ದಿನ

ನಾರ್ವಿಕ್‌ಗೆ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಗಡಿ ದಾಟಿದ ಮೇಲೆ ಸುರಂಗ, ಸುರಂಗ, ಆಮೇಲೆ ಬಹಳ ಕೆಳಗೆ ಫ್ಯೋರ್ಡ್, ಬೆಟ್ಟ ಸೀಳಿ ಒಳಬಂದ ಸಮುದ್ರ. ಕಿಟಕಿಗೆ ಹನಿ ಹೊಡೆಯತೊಡಗಿತು. ಬಂಡೆಯ ಮೇಲಿನಿಂದ ಬಿಳಿ ದಾರದಂಥ ಜಲಪಾತಗಳು, ಜರೀಗಿಡ, ಪಾಚಿ. ನನ್ನವಳು ಮೂಗು ಗಾಜಿಗೆ ಒತ್ತಿ ಕೂತಿದ್ದಳು. "ಆಗುಂಬೆ ಘಾಟಿ ಇದು. ಉಂಬಳ ಒಂದು ಕಮ್ಮಿ."

ಎದುರಿಗೆ ಅದಿರಿನ ರೈಲು ಬಂತು. ಎಣಿಸಿದೆ, 68 ಡಬ್ಬಿ. ತುಂಬಿ ಇಳಿಯುವಾಗ ಬ್ರೇಕಿನಿಂದಲೇ ಕರೆಂಟು ಹುಟ್ಟಿಸಿ ತಂತಿಗೆ ವಾಪಸ್ ಕೊಡುತ್ತದೆ. ಇಷ್ಟು ದೂರ ನಾರ್ವೆಗೆ ಹಳಿ ಹಾಕಿದ್ದಕ್ಕೂ ಸಮುದ್ರವೇ ಕಾರಣ. ಸ್ವೀಡನ್ ಕಡೆಯ ಕೊಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಧ್ರುವವೃತ್ತಕ್ಕಿಂತ ಉತ್ತರದಲ್ಲಿರುವ ನಾರ್ವಿಕ್ ಬಂದರು ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಅಲ್ಲಿವರೆಗೆ ಬರುತ್ತದೆ.

ಊರಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಕೊಡೆ ಇರಲಿಲ್ಲ, ಅಬಿಸ್ಕೊ ನನ್ನನ್ನು ಸೋಮಾರಿ ಮಾಡಿತ್ತು. ನನ್ನವಳು ಬ್ಯಾಗಿನಿಂದ ಕಂಬಳಿ ಎಳೆದಳು. ಒಂದು ಮೂಲೆ ಮಡಚಿ, ಒಳಗೆ ತಿರುವಿ, ತಲೆಗೆ ಹಾಕಿಕೊಂಡಳು. ಕಂಬಳಿ ಕೊಪ್ಪೆ. ಅವಳ ಅಜ್ಜ ಗದ್ದೆಗೆ ಹೋಗುತ್ತಿದ್ದ ಹಾಗೆ. ಮೂರು ಗಂಟೆ ಹಾಗೇ ಬಂದರು ಸುತ್ತಿದಳು. ಒಬ್ಬ ಮುದುಕ ನಿಲ್ಲಿಸಿ, ಬಟ್ಟೆ ಮುಟ್ಟಿ ನೋಡಿ, ಎಲ್ಲಿಯದು ಅಂತ ಕೇಳಿದ. ಚಳ್ಳಕೆರೆ ಅಂದಳು, ಬೇರೇನೂ ವಿವರಿಸದೆ.

ಸಂಜೆ ರೈಲಿನಲ್ಲಿ ಡಬ್ಬಿಯ ತುಂಬ ಕುರಿ ವಾಸನೆ. ರಿಕ್ಸ್‌ಗ್ರಾನ್ಸೆನ್ ದಾಟಿ ಸ್ವಲ್ಪ ಹೊತ್ತಿಗೆ ಕಿಟಕಿಯ ಹನಿ ನಿಂತವು. ಅಬಿಸ್ಕೊದಲ್ಲಿ ನಕ್ಷತ್ರ. ಒಣ ಊರಲ್ವಾ, ಬೆಳಿಗ್ಗೆ ಹೊತ್ತಿಗೆ ಆರಿರುತ್ತದೆ ಅಂತ ಕಂಬಳಿಯನ್ನು ಹಾಸ್ಟೆಲಿನ ಹಿಂದೆ ಹಗ್ಗಕ್ಕೆ ಹಾಕಿ ಮಲಗಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಕಂಬಳಿ ಸೆಟೆದು ನಿಂತಿದೆ. ಹಗ್ಗದಿಂದ ತೆಗೆದು ನೆಲಕ್ಕೆ ಊರಿದೆ, ಹಲಗೆಯ ಹಾಗೆ ತಾನಾಗಿಯೇ ನಿಂತಿತು. ನನ್ನವಳು ಬೆರಳಿನಿಂದ ತಟ್ಟಿದಳು. ಟಕ್ ಟಕ್. ರೈಲಿಗೆ ಇನ್ನೂ ಹೊತ್ತಿತ್ತು. ಅಡುಗೆಮನೆಯ ಹೀಟರ್ ಪಕ್ಕ ನಿಲ್ಲಿಸಿ ಕಾಫಿಗೆ ನೀರಿಟ್ಟೆವು.